ಕನ್ನಡಿ ಪಕ್ಕದ ರೋಲಿ ಫಿಂಗರ್ಸ್

ಚಾಮರಾಜಪೇಟೆಯಲ್ಲಿ ನಮ್ಮಪ್ಪನ ಕಟಿಂಗ್ ಶಾಪ್ ಇದೆ. ಎರಡು ಕುರ್ಚಿ, ಮುಂದೊಂದು ಹಿಂದೊಂದು ಕನ್ನಡಿ. ಮುಂದಿನ ಕನ್ನಡಿ ಪಕ್ಕದಲ್ಲಿ ನಾನು ಹುಟ್ಟುವ ಮೊದಲಿಂದಲೂ ಡಾ. ರಾಜ್‌ಕುಮಾರ್ ಫೋಟೊ ಇದೆ. ಈಗ ಅದರ ಕೆಳಗೆ ಇನ್ನೊಂದು ಸೇರಿದೆ. ಹಸಿರು ಟೋಪಿ, ಅದಕ್ಕೆ ಹಳದಿ ಅಂಚು, ಎರಡೂ ತುದಿ ಸುರುಳಿ ಸುತ್ತಿಕೊಂಡ ಗಿರಿಜಾ ಮೀಸೆ. ಕುರ್ಚಿಯಲ್ಲಿ ಕೂತವರು ಕತ್ತು ಅಲ್ಲಾಡಿಸದೆ ಕೇಳುತ್ತಾರೆ, "ಇದ್ಯಾರು ಸ್ವಾಮಿ?"

ರೋಲಿ ಫಿಂಗರ್ಸ್. ಅಮೆರಿಕದ ಬೇಸ್‌ಬಾಲ್ ಆಟಗಾರ, ಪಿಚರ್, ಅಂದರೆ ಚೆಂಡು ಎಸೆಯುವವನು. ಆ ಫೋಟೊ ಪ್ರಿಂಟ್ ಹಾಕಿಸಿ ತಂದವನು ನಾನು. ಅಂಟಿಸಿದವರು ಅಪ್ಪ.

ನನ್ನದು ರಾತ್ರಿ ಪಾಳಿ ಕೆಲಸ. ಬೆಳಗಿನ ಜಾವ ಕ್ಯಾಬ್‌ನಲ್ಲಿ ಮನೆಗೆ ಬರುತ್ತೇನೆ. ಬೇಸಿಗೆಯಲ್ಲಿ ನ್ಯೂಯಾರ್ಕ್‌ನಲ್ಲಿ ಸಂಜೆ 7.10ಕ್ಕೆ ಮ್ಯಾಚ್ ಶುರುವಾದರೆ ನಮಗೆ ಬೆಳಗ್ಗೆ 4.40. ಆ ಹೊತ್ತಿಗೆ ನಿದ್ದೆಯೂ ಬರಲ್ಲ, ಮಾತಾಡೋಕೆ ಯಾರೂ ಎದ್ದಿರಲ್ಲ. ಹಾಗೆ ಮೊಬೈಲ್‌ನಲ್ಲಿ ಸುಮ್ನೆ ನೋಡುತ್ತಾ ಬೇಸ್‌ಬಾಲ್ ಹತ್ತಿಕೊಂಡಿತು. ಮಂಗಳವಾರ ಅಂಗಡಿಗೆ ರಜ. ಅವತ್ತು ಅಪ್ಪನೂ ಪಕ್ಕದಲ್ಲಿ ಕೂತು ನೋಡುತ್ತಾರೆ. ಅವರಿಗೆ ರನ್ ಲೆಕ್ಕ ಬೇಡ. "ಅವನ ಮುಖ ಬಂದಾಗ ಸ್ವಲ್ಪ ನಿಲ್ಸು" ಅನ್ನುತ್ತಾರೆ. ನಲವತ್ತು ವರ್ಷದಿಂದ ಬೆಂಗಳೂರಿನ ಮುಖಗಳನ್ನು ಹತ್ತಿರದಿಂದ ನೋಡಿದ ಕಣ್ಣು ಅದು.

ಹಳೆಯ ಮೀಸೆಗಳನ್ನು ಹುಡುಕಿ ಅವರಿಗೆ ತೋರಿಸೋಕೆ ಶುರು ಮಾಡಿದ್ದು ಆಮೇಲೆ.

ಒಂದು ಕಾಲದಲ್ಲಿ ಬೇಸ್‌ಬಾಲ್‌ನಲ್ಲಿ ಮೀಸೆಯೇ ಇರಲಿಲ್ಲ ಅಂದರೆ ಅಪ್ಪ ನಂಬಲಿಲ್ಲ. ಹತ್ತೊಂಬತ್ತನೇ ಶತಮಾನದವರು ಬಿಟ್ಟಿದ್ದರು, ಆಮೇಲೆ ಅದು ಹೋಗೇಬಿಟ್ಟಿತು. 1936ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಫ್ರೆಂಚಿ ಬೋರ್ಡಗರೆ ಮೀಸೆ ಬಿಟ್ಟುಕೊಂಡು ಬಂದಾಗ ಅವನ ಮ್ಯಾನೇಜರ್ ಬೋಳಿಸಿಕೊಂಡು ಬಾ ಅಂದರು. ಅಲ್ಲಿಂದ ಮೂವತ್ತಾರು ವರ್ಷ ಹೆಚ್ಚುಕಮ್ಮಿ ಎಲ್ಲರದೂ ನುಣ್ಣನೆ ಮುಖ.

1972ರಲ್ಲಿ ಫಿಂಗರ್ಸ್ ಆಡುತ್ತಿದ್ದ ಓಕ್ಲೆಂಡ್ ಎ'ಸ್ ತಂಡದ ರೆಜ್ಜಿ ಜಾಕ್ಸನ್ ಅಭ್ಯಾಸಕ್ಕೆ ಮೀಸೆ ಬಿಟ್ಟುಕೊಂಡು ಬಂದ. ತೆಗೆಯಲ್ಲ ಅಂತ ಹಟ. ಕೆಲವು ಆಟಗಾರರು ಒಂದು ಉಪಾಯ ಮಾಡಿದರು ಅಂತ ಹೇಳುತ್ತಾರೆ. ನಾವೂ ಬಿಟ್ಟರೆ ಮಾಲೀಕ ರೇಗಿ ಎಲ್ಲರಿಗೂ ತೆಗೆಸುತ್ತಾನೆ, ಜೊತೆಗೆ ಜಾಕ್ಸನ್‌ದೂ ಹೋಗುತ್ತದೆ ಅಂತ. ಆದರೆ ಮಾಲೀಕ ಚಾರ್ಲಿ ಫಿನ್ಲೆಗೆ ಅದು ಇಷ್ಟವಾಗಿಬಿಟ್ಟಿತು! ಜೂನ್ 18, ಅಪ್ಪಂದಿರ ದಿನ. ಅವತ್ತಿನೊಳಗೆ ಮೀಸೆ ಬೆಳೆಸಿದ ಪ್ರತಿಯೊಬ್ಬನಿಗೂ 300 ಡಾಲರ್ ಕೊಡುತ್ತೇನೆ ಅಂದ. ಆ ದಿನಕ್ಕೆ ಮೀಸೆ ದಿನ ಅಂತ ಹೆಸರಿಟ್ಟ. ತಂಡದ ಮ್ಯಾನೇಜರ್ ಡಿಕ್ ವಿಲಿಯಮ್ಸ್ ಕೂಡ ಬಿಟ್ಟರು. ಫಿಂಗರ್ಸ್ ಮೀಸೆ ಹುಟ್ಟಿದ್ದು ಹೀಗೆ, ದುಡ್ಡಿಗೆ.

ಬೇರೆಯವರದು ಬರೀ ಮೀಸೆಯಾಗಿ ಉಳಿಯಿತು. ಫಿಂಗರ್ಸ್ ಅದಕ್ಕೆ ಮೇಣ ಹಚ್ಚಿ, ತುದಿ ತಿರುಗಿಸಿ ಸಾಕಿದ. ಸಾಕಿದ ಅನ್ನೋದು ಅಪ್ಪನ ಮಾತು. ಗಿರಿಜಾ ಮೀಸೆಗೆ ಕತ್ತರಿಗಿಂತ ಬಾಚಣಿಗೆ ಕೆಲಸವೇ ಜಾಸ್ತಿ. ಮೂಗಿನ ಕೆಳಗೆ ನಡುವಿನಿಂದ ಎರಡು ಕಡೆಗೂ ದಿನಾ ಬಾಚಿ ಕೂದಲಿಗೆ ದಾರಿ ತೋರಿಸಬೇಕು. ತುದಿ ಎಷ್ಟು ಉದ್ದವಾಗಿ ಬಾಯಿಗೆ ಚುಚ್ಚಿದರೂ ಕತ್ತರಿಸಬಾರದು. ಆ ಮೂರು ನಾಲ್ಕು ತಿಂಗಳಲ್ಲೇ ಜನ ಸೋತು ತೆಗೆಸಿಬಿಡುತ್ತಾರೆ. ಅಪ್ಪ ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಸೇರಿಸಿ ಕರಗಿಸಿ, ಒಂದು ಚಿಕ್ಕ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಉಗುರಿನಷ್ಟು ತೆಗೆದು ಬೆರಳ ಮಧ್ಯೆ ಉಜ್ಜಿ, ಬಿಸಿ ಇರುವಾಗಲೇ ತಿರುವಬೇಕು.

ಆ ವರ್ಷದ ವರ್ಲ್ಡ್ ಸೀರೀಸ್ ಫೈನಲ್‌ನಲ್ಲಿ ಎದುರಾದದ್ದು ಸಿನ್ಸಿನಾಟಿ ರೆಡ್ಸ್. ಅವರಲ್ಲಿ ಗಡ್ಡ ಮೀಸೆ ಎರಡೂ ಬಿಡುವಂತಿಲ್ಲ ಅಂತ ನಿಯಮ. ಒಂದು ಕಡೆ ಮೀಸೆ, ಇನ್ನೊಂದು ಕಡೆ ನುಣ್ಣಗೆ. ಏಳು ಮ್ಯಾಚ್, ಅದರಲ್ಲಿ ಆರರ ತೀರ್ಮಾನ ಒಂದೇ ರನ್ನಿನಲ್ಲಿ. ಮೂರನೇ ಮ್ಯಾಚಿನ ಒಂದು ಚೆಂಡನ್ನು ನಾನು ಅಪ್ಪನಿಗೆ ಮೂರು ಸಲ ವಿವರಿಸಿದ್ದೇನೆ.

ಬ್ಯಾಟ್ ಹಿಡಿದವನು ಜಾನಿ ಬೆಂಚ್, ರೆಡ್ಸ್‌ನ ದೊಡ್ಡ ಹೊಡೆತಗಾರ. ಎರಡನೇ ಮತ್ತು ಮೂರನೇ ಬೇಸ್‌ನಲ್ಲಿ ರೆಡ್ಸ್ ಓಟಗಾರರು. ಅವನಿಗೆ ಎರಡು ಸ್ಟ್ರೈಕ್, ಮೂರು ಬಾಲ್ ಆಗಿದೆ. ಒಳಗೆ ಬಂದ ಚೆಂಡನ್ನು ಹೊಡೆಯದೆ ಬಿಟ್ಟರೆ ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಔಟ್. ಇನ್ನೊಂದು ಚೆಂಡು ಹೊರಗೆ ಹೋದರೆ ಅವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದುಹೋಗಬಹುದು. ಇಂಥವನ ಕೈಲಿ ಹೊಡೆಸಿಕೊಳ್ಳೋದಕ್ಕಿಂತ ನಡೆಸಿಬಿಡೋದೇ ಮೇಲು, ಅಲ್ವಾ? ಮ್ಯಾನೇಜರ್ ವಿಲಿಯಮ್ಸ್ ಮೈದಾನಕ್ಕೆ ಬಂದು, ಎಲ್ಲರಿಗೂ ಕಾಣುವ ಹಾಗೆ ಮೊದಲ ಬೇಸ್ ಕಡೆ ಕೈ ತೋರಿಸಿ, ನಡೆಸಿಬಿಡಿ ಅಂದರು. ಕೀಪರ್ ಜೀನ್ ಟೆನೇಸ್ ಎದ್ದು ನಿಂತು ಹೊರಗೆ ಕೈ ಚಾಚಿದ. ಬೆಂಚ್ ಬ್ಯಾಟ್ ಸಡಿಲ ಬಿಟ್ಟ. ಫಿಂಗರ್ಸ್ ತೋಳೆತ್ತಿದ್ದೇ ತಡ, ಟೆನೇಸ್ ಗಬಕ್ಕನೆ ವಾಪಸ್ ಬಂದು ಕೂತ. ಚೆಂಡು ಹೊರ ಅಂಚನ್ನು ಮುಟ್ಟಿಕೊಂಡು ಒಳಗೆ ಬಂತು. ಸ್ಟ್ರೈಕ್. ಬೆಂಚ್ ಔಟ್, ಬ್ಯಾಟ್ ಹೆಗಲ ಮೇಲೇ ಇದೆ.

ಆ ಮ್ಯಾಚನ್ನು ರೆಡ್ಸ್ 1-0ಯಿಂದ ಗೆದ್ದರು. ಸೀರೀಸ್ ಗೆದ್ದದ್ದು ಮಾತ್ರ ಮೀಸೆಯವರು. ಮುಂದಿನ ಎರಡು ವರ್ಷವೂ ಅವರೇ.

ಅಪ್ಪನಿಗೆ ಅತಿ ಇಷ್ಟವಾದದ್ದು ಫಿಂಗರ್ಸ್ ಮೀಸೆಯಲ್ಲ, ಕೀತ್ ಹರ್ನಾಂಡೆಜ್‌ದು. ಸತತ 11 ವರ್ಷ ಗೋಲ್ಡ್ ಗ್ಲೋವ್ ಪ್ರಶಸ್ತಿ ಪಡೆದ ಫೀಲ್ಡರ್. ದಪ್ಪ, ಕಪ್ಪು, ತುಟಿಯ ಮೇಲೆ ನೆಟ್ಟಗೆ ಕೂತ ಮೀಸೆ. ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಅಪ್ಪ ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸಿದರು. "ತುದಿ ತಿರುವಿದ ಮೀಸೆಲಿ ಕತ್ತರಿ ತಪ್ಪು ಮುಚ್ಚಿಹೋಗುತ್ತೆ ಕಣೋ. ಇದರಲ್ಲಿ ಒಂದು ಕೂದಲು ಹೆಚ್ಚುಕಮ್ಮಿ ಆದ್ರೂ ಮುಖ ಸೊಟ್ಟಗೆ ಕಾಣುತ್ತೆ." ಅದೇ ಮೀಸೆಯನ್ನು 2012ರಲ್ಲಿ ಹರ್ನಾಂಡೆಜ್ ಜನರ ಮುಂದೆ ಕೂತು ಬೋಳಿಸಿಕೊಂಡ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ, ತನ್ನ ಅಮ್ಮನ ಹೆಸರಿನ ಕೇಂದ್ರಕ್ಕೆ ದುಡ್ಡು ಸೇರಿಸಲು. ಅಪ್ಪ ಆ ವಿಡಿಯೊ ಪೂರ್ತಿ ನೋಡಿ, ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಅಲ್ ರಬೋಸ್ಕಿಯದು ತುಟಿಯ ಎರಡೂ ಬದಿಗೆ ಇಳಿಬಿದ್ದ ಮೀಸೆ. ಚೆಂಡು ಎಸೆಯುವ ಮೊದಲು ಬ್ಯಾಟರ್‌ಗೆ ಬೆನ್ನು ಹಾಕಿ ನಿಂತು, ಮನಸ್ಸಲ್ಲಿ ಏನೋ ಗಟ್ಟಿ ಮಾಡಿಕೊಂಡು, ಚೆಂಡನ್ನು ಗ್ಲೋವ್‌ಗೆ ಬಡಿದು ಸರ್ರನೆ ತಿರುಗುತ್ತಿದ್ದ. 1977ರಲ್ಲಿ ಹೊಸ ಮ್ಯಾನೇಜರ್ ಅವನ ಮೀಸೆ ತೆಗೆಸಿದರು. ಮೀಸೆ ಇಲ್ಲದೆ ಬ್ಯಾಟರ್‌ಗಳನ್ನು ಹೆದರಿಸೋದು ಹೇಗೆ ಅನ್ನೋದು ಅವನ ದೂರು. ಯಕ್ಷಗಾನದಲ್ಲಿ ಮೀಸೆ ಇಲ್ಲದ ರಾಕ್ಷಸ ಬಂದರೆ ಯಾರು ಹೆದರುತ್ತಾರೆ? ನನಗೆ ಅವನ ಮಾತು ನೂರಕ್ಕೆ ನೂರು ಸರಿ ಅನಿಸುತ್ತದೆ.

ಈಗಿನವರಲ್ಲಿ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ ನನ್ನ ಆಟಗಾರ. 2024ರಲ್ಲಿ ಹೊಸಬರ ಪ್ರಶಸ್ತಿ, 2025ರಲ್ಲಿ ಪಿಚರ್‌ಗಳ ದೊಡ್ಡ ಪ್ರಶಸ್ತಿಯಾದ ಸೈ ಯಂಗ್. ಅವನ ಮೀಸೆ ನೋಡಿ ಅಪ್ಪ, "ಇನ್ನೂ ಟೈಮ್ ಬೇಕು" ಅಂದರು.

ಇನ್ನು ಫಿಂಗರ್ಸ್ ಫೋಟೊ ಅಂಟಿಸಿದ ಕಾರಣ.

ನಮ್ಮ ಅಂಗಡಿಗೆ ಬರುವ ಒಬ್ಬರು ತಾತ ಇದ್ದಾರೆ. ಚಿಕ್ಕ ವಯಸ್ಸಿನಲ್ಲಿ ಗರಡಿಮನೆಯಲ್ಲಿ ಕುಸ್ತಿ ಆಡಿದವರು. ನನಗೆ ನೆನಪಿರುವ ಕಾಲದಿಂದಲೂ ಗಿರಿಜಾ ಮೀಸೆ. ಅದರ ಮೇಲೆ ನಿಂಬೆಹಣ್ಣು ಇಟ್ಟು ತೋರಿಸಿ ನನ್ನನ್ನು ನಗಿಸುತ್ತಿದ್ದರು. ವಯಸ್ಸಾದ ಮೇಲೆ ಒಂದು ಕಂಪನಿಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಐದು ವರ್ಷದ ಹಿಂದೆ ಅಲ್ಲಿಗೆ ಹೊಸ ಸೂಪರ್‌ವೈಸರ್ ಬಂದ. ಮೀಸೆ ತೆಗೆಸಿಕೊಂಡು ಬಾ, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಅಂದ. ಮಗಳ ಮದುವೆಯ ಸಾಲ ಇತ್ತು. ಒಂದು ಸೋಮವಾರ ರಾತ್ರಿ, ಶಟರ್ ಅರ್ಧ ಇಳಿಸಿದ ಮೇಲೆ ಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಅಪ್ಪ ಕತ್ತರಿ ಹಿಡಿದು ನಿಂತೇ ಇದ್ದರು. ಕೊನೆಗೆ ತಾತನೇ, "ಹಾಕಪ್ಪ, ಹೊತ್ತಾಯ್ತು" ಅಂದರು. ಅವತ್ತು ಅಪ್ಪ ದುಡ್ಡು ತಗೊಳ್ಳಲಿಲ್ಲ. ರಾತ್ರಿ ಊಟವನ್ನೂ ಮಾಡಲಿಲ್ಲ.

ಅದಕ್ಕೇ ಫಿಂಗರ್ಸ್ ಕಥೆಯ ಕೊನೆ ಕೇಳಿದಾಗ ಅವರು ಎದ್ದು ಕೂತರು. 341 ಸೇವ್, ಅಂದರೆ ಕೊನೇ ಗಳಿಗೆಯಲ್ಲಿ ಬಂದು ತಂಡದ ಗೆಲುವನ್ನು 341 ಸಲ ಕಾಪಾಡಿದವನು. ಆ ಕಾಲಕ್ಕೆ ಅದೇ ದಾಖಲೆ. 1986ರಲ್ಲಿ, ವಯಸ್ಸು ನಲವತ್ತರ ಹತ್ತಿರ ಬಂದಾಗ, ಕೈಲಿ ಯಾವ ತಂಡವೂ ಇರಲಿಲ್ಲ. ಕರೆದದ್ದು ಅದೇ ಸಿನ್ಸಿನಾಟಿ ರೆಡ್ಸ್. ಮೀಸೆ ತೆಗೆದರೆ ಮಾತ್ರ. ಫಿಂಗರ್ಸ್ ಆಗಲ್ಲ ಅಂದ. ದೊಡ್ಡ ಲೀಗಿನಲ್ಲಿ ಮತ್ತೆ ಆಡಲೇ ಇಲ್ಲ. ರೆಡ್ಸ್ ಆ ನಿಯಮ ಬಿಟ್ಟದ್ದು 1999ರಲ್ಲಿ.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ" ಅಂದರು ಅಪ್ಪ. ಸೋತವನನ್ನು ಆಡಿಕೊಳ್ಳೋಕೆ ಹೇಳುವ ಗಾದೆ ಅದು. ಹೊಗಳೋಕೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾರನೇ ದಿನವೇ ಪ್ರಿಂಟ್ ಹಾಕಿಸಿಕೊಂಡು ಬಾ ಅಂದರು.

ತಾತ ಈಗ ಕೆಲಸ ಬಿಟ್ಟಿದ್ದಾರೆ. ಸಾಲ ತೀರಿದೆ. ಮೀಸೆ ಮತ್ತೆ ಬಿಟ್ಟಿದ್ದಾರೆ, ಈ ಸಲ ಪೂರ್ತಿ ಬೆಳ್ಳಗೆ. ಹದಿನೈದು ದಿನಕ್ಕೊಮ್ಮೆ ಬಂದು ಕೂರುತ್ತಾರೆ. ಹೋದ ಭಾನುವಾರ ನಾನೂ ಅಂಗಡಿಯಲ್ಲಿದ್ದೆ. ಫೋಟೊ ಕಡೆ ನೋಡಿ, "ಮೀಸೆ ತೆಗೆಯಲ್ಲ ಅಂದನಲ್ಲ, ಆಮೇಲೆ ಕೆಲಸ ಸಿಕ್ತೇನಪ್ಪ ಇವನಿಗೆ?" ಅಂದರು.

ಇಲ್ಲ ತಾತ, ಮತ್ತೆ ಆಡಲಿಲ್ಲ, ಆದರೆ 1992ರಲ್ಲಿ ಅವರ ದೇಶದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿ, ಕಂಚಿನ ಫಲಕದಲ್ಲಿ ಮುಖ ಮಾಡಿಸಿ ಇಟ್ಟಿದ್ದಾರೆ ಅಂದೆ.

"ಮೀಸೆ ಸಮೇತ?"

"ಮೀಸೆ ಸಮೇತ."

ತಾತ ಕನ್ನಡಿಯಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. "ಎಡಗಡೆ ಇನ್ನೊಂಚೂರು ಮೇಣ ಹಾಕಪ್ಪ, ಕೆಳಗೆ ಜಾರ್ತಾ ಇದೆ" ಅಂದರು. ಅಪ್ಪ ಡಬ್ಬಿ ತೆಗೆದರು.