ಪ್ಲೇಆಫ್ ಮುಟ್ಟಿಸಿದ ಕೋಚ್‌ನ್ನು ಯಾಕೆ ತೆಗೆದರು?

ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ WNBAಯ ಇಂಡಿಯಾನಾ ಫೀವರ್ ತಂಡದ ಮಾತು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. 2024ರಲ್ಲಿ ಕ್ರಿಸ್ಟಿ ಸೈಡ್ಸ್ ಕೋಚ್ ಆಗಿದ್ದಾಗ ತಂಡ ಮೊದಲ 9 ಪಂದ್ಯಗಳಲ್ಲಿ 8 ಸೋತಿತ್ತು. ಆಮೇಲೆ ಚೇತರಿಸಿಕೊಂಡು 20 ಗೆಲುವು, 20 ಸೋಲಿಗೆ ಬಂದು, 2016ರ ನಂತರ ಮೊದಲ ಸಲ ಪ್ಲೇಆಫ್ ಮುಟ್ಟಿತು. ಅಕ್ಟೋಬರ್‌ನಲ್ಲಿ ಸೈಡ್ಸ್ ಅವರನ್ನು ಕೈಬಿಟ್ಟರು. ಕೆಲವು ಅಭಿಮಾನಿಗಳಿಗೆ ಖುಷಿ, ಕೆಲವರಿಗೆ ಇದು ಶುದ್ಧ ಅನ್ಯಾಯ.

ತೆಗೆದದ್ದು ಸರಿ ಅಂತಲೇ ನನ್ನ ಉತ್ತರ. ಆದರೆ ಟೈಮ್‌ಔಟ್ ತಡವಾಗಿ ಕೇಳಿದರು, ಬದಲಿ ಆಟಗಾರ್ತಿಯರನ್ನು ಬೇಗ ಇಳಿಸಲಿಲ್ಲ ಎನ್ನುವ ದೂರುಗಳಿಗಾಗಿ ಅಲ್ಲ. ಅವು ಸೋತ ರಾತ್ರಿ ಮಾತ್ರ ಕಣ್ಣಿಗೆ ಬೀಳುತ್ತವೆ. ನಿಜವಾದ ತೊಂದರೆ ಡಿಫೆನ್ಸ್. ಕೇಟ್ಲಿನ್ ಕ್ಲಾರ್ಕ್, ಕೆಲ್ಸಿ ಮಿಚೆಲ್ ಇದ್ದ ತಂಡಕ್ಕೆ ಅಂಕ ಗಳಿಸುವುದು ಕಷ್ಟವಿರಲಿಲ್ಲ, ತಡೆಯುವುದು ಬರುತ್ತಿರಲಿಲ್ಲ.

ಅದನ್ನು ಅಳೆಯಲು ಬಿಟ್ಟುಕೊಟ್ಟ ಅಂಕ ಸಾಲದು, ವೇಗವಾಗಿ ಆಡುವ ತಂಡ ಹೆಚ್ಚು ಅಂಕ ಬಿಟ್ಟೇ ಬಿಡುತ್ತದೆ. ಎದುರಾಳಿಯ ಪೊಸೆಷನ್, ಅಂದರೆ ಚೆಂಡು ಅವರ ಕೈಗೆ ಬಂದ ಸರದಿಗಳನ್ನು ಎಣಿಸಬೇಕು: ಶಾಟ್‌ಗಳಿಂದ ಆಫೆನ್ಸಿವ್ ರೀಬೌಂಡ್ (ತಮ್ಮದೇ ಶಾಟ್ ತಪ್ಪಿದಾಗ ಮತ್ತೆ ಹಿಡಿದ ಚೆಂಡು) ಕಳೆದು, ಟರ್ನೋವರ್ (ಶಾಟ್ ಹೊಡೆಯದೆ ಕಳೆದುಕೊಂಡ ಚೆಂಡು) ಕೂಡಿಸಿ, ಫೌಲ್‌ಗೆ ಸಿಗುವ ಫ್ರೀ ಥ್ರೋಗಳ 0.44 ಪಾಲು ಸೇರಿಸಿ. 70 ಶಾಟ್, 8 ರೀಬೌಂಡ್, 13 ಟರ್ನೋವರ್, 18 ಫ್ರೀ ಥ್ರೋ ಇದ್ದರೆ ಸುಮಾರು 83. ಅಷ್ಟು ಪೊಸೆಷನ್‌ನಲ್ಲಿ 85 ಅಂಕ ಕೊಟ್ಟರೆ ನೂರು ಪೊಸೆಷನ್‌ಗೆ ಸುಮಾರು 102. ಅದೇ 85 ಅಂಕ 76 ಪೊಸೆಷನ್‌ನಲ್ಲಿ ಹೋದರೆ ನೂರಕ್ಕೆ ಸುಮಾರು 112. ಸ್ಕೋರ್‌ಬೋರ್ಡ್ ಒಂದೇ, ಡಿಫೆನ್ಸ್ ಬೇರೆ ಬೇರೆ.

ಹೊಸ ಕೋಚ್ ಬಂದಾಗ ಐದು ಪಂದ್ಯಕ್ಕೇ ತೀರ್ಪು ಕೊಡುವುದು ಇನ್ನೊಂದು ರೋಗ. ಎದುರಾಳಿಯ ಮೂರಂಕದ ಶಾಟ್ ಬೀಳುತ್ತದೋ ಇಲ್ಲವೋ ಎನ್ನುವುದು ಅಷ್ಟು ಕಡಿಮೆ ಪಂದ್ಯಗಳಲ್ಲಿ ಬಹುಪಾಲು ಅದೃಷ್ಟ. ಎಷ್ಟು ಬಿದ್ದವು ಅಂತ ನೋಡಬೇಡಿ, ಎಷ್ಟು ಹೊಡೆಯಲು ಬಿಟ್ಟರು, ಅಂಕಣದ ಮೂಲೆಯಿಂದ ಎಷ್ಟು ಬಿಟ್ಟರು ಅಂತ ನೋಡಿ. ಕೋಚ್‌ನ ಕೈಚಳಕ ಇರುವುದು ಅಲ್ಲಿ.

ಗೆಲುವಿನ ಲೆಕ್ಕವೂ ಮೋಸ ಮಾಡುತ್ತದೆ. ಅದೇ ಲೀಗ್‌ನ ಅಟ್ಲಾಂಟಾ ಡ್ರೀಮ್ ತಂಡ 2024ರಲ್ಲಿ 15 ಪಂದ್ಯ ಗೆದ್ದಿತ್ತು. ಕಾರ್ಲ್ ಸ್ಮೆಸ್ಕೊ ಕೋಚ್ ಆಗಿ ಬಂದ 2025ರಲ್ಲಿ 30. ಆಗ ಪಂದ್ಯಗಳೇ 40ರಿಂದ 44ಕ್ಕೆ ಏರಿದ್ದವು, ಜೊತೆಗೆ ಆಟಗಾರ್ತಿಯರಾದ ಬ್ರಿಟ್ನಿ ಗ್ರೈನರ್, ಬ್ರಿಯೊನ್ನಾ ಜೋನ್ಸ್ ಬಂದಿದ್ದರು. ಇದರಲ್ಲಿ ಸ್ಮೆಸ್ಕೊ ಪಾಲು ಎಷ್ಟು? ಮೂರಂಕದ ಶಾಟ್‌ಗಳ ಸಂಖ್ಯೆ ಜಿಗಿದದ್ದನ್ನು ಧೈರ್ಯವಾಗಿ ಅವರ ಹೆಸರಿಗೆ ಬರೆಯಬಹುದು. ಉಳಿದದ್ದನ್ನು ಹಂಚಬೇಕು.

ಸೈಡ್ಸ್ ಜಾಗಕ್ಕೆ ಫೀವರ್ ಕರೆತಂದದ್ದು ಸ್ಟೆಫನಿ ವೈಟ್ ಅವರನ್ನು. 2024ರ ಪ್ಲೇಆಫ್‌ನಲ್ಲಿ ಕನೆಕ್ಟಿಕಟ್ ಸನ್ ಕೋಚ್ ಆಗಿ ಫೀವರ್ ತಂಡವನ್ನು 2-0ರಿಂದ ಮನೆಗೆ ಕಳಿಸಿದವರು ಇವರೇ! 2025ರಲ್ಲಿ ಕ್ಲಾರ್ಕ್ ಗಾಯದಿಂದಾಗಿ 13 ಪಂದ್ಯ ಮಾತ್ರ ಆಡಿದರೂ ತಂಡ 24 ಗೆದ್ದು, ಸೆಮಿಫೈನಲ್‌ನಲ್ಲಿ ಲಾಸ್ ವೇಗಸ್ ಏಸಸ್ ಎದುರು ಐದನೇ ಪಂದ್ಯದವರೆಗೂ ಹೋಯಿತು.

ನ್ಯೂಯಾರ್ಕ್ ಲಿಬರ್ಟಿ ಅಭಿಮಾನಿಗಳ ಸಿಟ್ಟು ಮಾತ್ರ ಬೇರೆ ಜಾತಿಯದು. 2024ರಲ್ಲಿ ತಂಡಕ್ಕೆ ಮೊದಲ ಪ್ರಶಸ್ತಿ ತಂದುಕೊಟ್ಟ ಸ್ಯಾಂಡಿ ಬ್ರಾಂಡೆಲೊ ಅವರ ಒಪ್ಪಂದವನ್ನು ಮರುವರ್ಷವೇ ನವೀಕರಿಸಲಿಲ್ಲ. ಸತತ 9 ಗೆಲುವಿನಿಂದ 2025ರ ಋತು ಶುರುವಾಗಿತ್ತು, ಆಮೇಲೆ ಒಬ್ಬರಾದ ಮೇಲೆ ಒಬ್ಬರು ಗಾಯಗೊಂಡರು. ಆ ಸಿಟ್ಟು ನ್ಯಾಯವಾದದ್ದೇ.