ಯಾವ ಎಣ್ಣೆ ಹಚ್ಚಲಿ, ಡಾಕ್ಟ್ರೇ?

ನಾನು ಚರ್ಮದ ಡಾಕ್ಟರ್. ಕೂದಲು ಉದುರುತ್ತಿದೆ ಎಂದು ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಸುತ್ತಿ ಕವರ್‌ನಲ್ಲಿ ತರುತ್ತಾರೆ. ಅದನ್ನು ಮೇಜಿನ ಮೇಲಿಟ್ಟು ಕೇಳುವುದು ಒಂದೇ ಪ್ರಶ್ನೆ: ಯಾವ ಎಣ್ಣೆ ಹಚ್ಚಲಿ? ನಾನು ತಿರುಗಿ ಕೇಳುತ್ತೇನೆ: ಮೂರು ತಿಂಗಳ ಹಿಂದೆ ನಿಮಗೆ ಏನಾಗಿತ್ತು?

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಒಂದೊಂದೂ ಕೆಲವು ವರ್ಷ ಬೆಳೆದು, ಆಮೇಲೆ ಎರಡು-ಮೂರು ತಿಂಗಳು ಬೆಳೆಯದೆ ಸುಮ್ನೆ ಇದ್ದು, ಉದುರುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಡೆಂಗೀ, ಟೈಫಾಯ್ಡ್, ಹೆರಿಗೆ, ಆಪರೇಷನ್, ತೂಕ ಇಳಿಸಲು ಊಟ ಬಿಟ್ಟಿದ್ದು, ಮನೆಯಲ್ಲೊಂದು ಸಾವು. ಇಂಥದ್ದೇನಾದರೂ ಆದರೆ ತುಂಬಾ ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಉದುರುವುದು ಮಾತ್ರ ಎರಡು-ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ತಪ್ಪೆಲ್ಲ ಹೋದ ವಾರ ಬದಲಿಸಿದ ಶಾಂಪೂ ಮೇಲೆ ಬರುತ್ತದೆ, ಇಲ್ಲಾ ಬೋರ್‌ವೆಲ್ ನೀರಿನ ಮೇಲೆ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ನಡುವೆ ತುಂಡಾಗುತ್ತದೆ, ನಿಜ. ಆದರೆ ಬುಡದ ಬಿಳಿ ಗಂಟಿನ ಸಮೇತ ಕೂದಲು ಬರುತ್ತಿದ್ದರೆ ಕಾರಣ ಬೇರೆ ಕಡೆ ಇದೆ.

ಬಾಣಂತಿಯರ ಸಂಕಟವಂತೂ ನೋಡಲಾಗುವುದಿಲ್ಲ. ಬಸುರಿನಲ್ಲಿ ಹಾರ್ಮೋನು ಜಾಸ್ತಿ ಇರುವುದರಿಂದ ಉದುರಬೇಕಾದ ಕೂದಲೂ ನಿಂತಿರುತ್ತದೆ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಅದೆಲ್ಲ ಒಟ್ಟಿಗೆ ಹೋಗುತ್ತದೆ. ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಮತ್ತೆ ಬರುತ್ತದೆ. ಹಾಲು ಕುಡಿಸುವುದರಿಂದಲೇ ಹೀಗಾಯಿತು ಎಂದು ಯಾರೋ ಹೇಳಿದ ಮಾತು ಕೇಳಿ ಮಗುವಿಗೆ ಹಾಲು ಬಿಡಿಸಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕಾರಣ ಕಬ್ಬಿಣದ ಅಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಸೊಪ್ಪು, ರಾಗಿ ತಿನ್ನಿ, ಒಳ್ಳೆಯದು. ಆದರೆ ಖಾಲಿಯಾದ ದಾಸ್ತಾನು ತುಂಬಲು ಸಾಮಾನ್ಯವಾಗಿ ಮಾತ್ರೆಯೇ ಬೇಕಾಗುತ್ತದೆ, ಅದೂ ಕೆಲವು ತಿಂಗಳು. ಮಾತ್ರೆ ಜೊತೆಗೆ ಕಾಫಿ, ಟೀ ಬೇಡ. ಥೈರಾಯ್ಡ್ ಕೂಡ ನೋಡಿಸಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು.

ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿದ್ದರೆ ಅದು ಹುಳ ತಿಂದದ್ದಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲ ಬುಡವನ್ನು ಕಾಡುತ್ತಿರುತ್ತದೆ. ಅದಕ್ಕೆ ಔಷಧಿ ಇದೆ. ಬಿಗಿಯಾಗಿ ಜಡೆ ಎಳೆದು ಕಟ್ಟುವವರಿಗೆ ಹಣೆಯಂಚಿನ ಕೂದಲು ಹೋಗುತ್ತದೆ. ಸಡಿಲ ಮಾಡಿ, ಅಷ್ಟೇ. ಮಕ್ಕಳಿಗೂ.

ಎಣ್ಣೆ? ಕೊಬ್ಬರಿ ಎಣ್ಣೆ ಕೂದಲು ತುಂಡಾಗದ ಹಾಗೆ ಕಾಯುತ್ತದೆ. ಇಷ್ಟವಿದ್ದರೆ ಖಂಡಿತ ಹಚ್ಚಿ. ಹೊಟ್ಟು ಇದ್ದರೆ ಮಾತ್ರ ರಾತ್ರಿಯಿಡೀ ಬಿಡಬೇಡಿ. ಹೊಸ ಕೂದಲು ಹುಟ್ಟಿಸುವ ಕೆಲಸ ಎಣ್ಣೆಯದಲ್ಲ.

ನನಗೆ ಹೆಚ್ಚು ಚಿಂತೆ ಆಗುವುದು ಕವರ್ ತರದವರ ಬಗ್ಗೆ. ಇವರಿಗೆ ರಾಶಿ ರಾಶಿ ಉದುರುವುದಿಲ್ಲ. ವರ್ಷ ವರ್ಷಕ್ಕೆ ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಇದು ಎಷ್ಟೋ ಸಲ ವಂಶದಲ್ಲೇ ಬರುತ್ತದೆ. ಜೊತೆಗೆ ಮುಟ್ಟು ಏರುಪೇರಾಗಿ, ಗದ್ದದಲ್ಲಿ ಕೂದಲು ಬರುತ್ತಿದ್ದರೆ ಪಿಸಿಓಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ, ಇದೆಯೇ ಎಂದು ನೋಡಬೇಕು. ಬೈತಲೆ ಅಗಲವಾಗುವುದಕ್ಕೆ ನಾವು ಮೊದಲು ಕೊಡುವುದು ಮಿನಾಕ್ಸಿಡಿಲ್. ಅದು ಮೊದಲು ಬಿ.ಪಿ.ಗೆ ಕೊಡುತ್ತಿದ್ದ ಮಾತ್ರೆ. ತಿಂದವರ ಮೈಮೇಲೆ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ಔಷಧಿಯಾಯಿತು. ಹಚ್ಚಿದ ಮೊದಲ ಕೆಲವು ವಾರ ಉದುರುವುದು ಜಾಸ್ತಿಯೇ ಆಗಬಹುದು. ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದು ಮತ್ತೆ ಹೋಗುತ್ತದೆ. ಬಸುರಿಯರು, ಮಗುವಿಗೆ ಹಾಲು ಕೊಡುವವರು ಹಚ್ಚಬಾರದು. ಬೇರೆ ಮಾತ್ರೆಗಳೂ ಇವೆ, ಆದರೆ ಅವು ಡಾಕ್ಟರ್ ನೋಡಿಯೇ ಕೊಡಬೇಕಾದವು.

ಈ ಬಗೆಯಲ್ಲಿ ಉಳಿದ ಕೂದಲನ್ನು ಕಾಯುವುದು ಸುಲಭ, ಹೋದದ್ದನ್ನು ತರುವುದು ಕಷ್ಟ. ಅದಕ್ಕೇ ಬೇಗ ಬನ್ನಿ. ಬರುವಾಗ ನಾಲ್ಕೈದು ವರ್ಷದ ಹಿಂದಿನ, ಬೈತಲೆ ಚೆನ್ನಾಗಿ ಕಾಣುವ ಒಂದು ಫೋಟೊ ತನ್ನಿ. ಮದುವೆಮನೆಯಲ್ಲಿ ತೆಗೆಸಿದ್ದಾದರೂ ಸಾಕು.