ಕ್ಯಾಷುವಾಲ್ಟಿಯ ಹೊರಗಿನ ಬೆಂಚು

ನಾನು ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿ ಹನ್ನೆರಡು ವರ್ಷಗಳಾದವು. ಅವುಗಳಲ್ಲಿ ಹೆಚ್ಚಿನವು ಕ್ಯಾಷುವಾಲ್ಟಿಯಲ್ಲೇ ಕಳೆದಿವೆ. ಅಪಘಾತವಿರಲಿ, ಹೊಡೆದಾಟವಿರಲಿ, ಪೆಟ್ಟು ತಿಂದು ಬಂದವರ ಗಾಯದ ಜಾಗ, ಅಳತೆ, ಬಂದ ಹೊತ್ತು ಎಲ್ಲವೂ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಳ್ಳುವುದು ನನ್ನ ಕೆಲಸದ ಭಾಗ. ಆದರೆ ನನಗೇ ಪೆಟ್ಟು ಬಿದ್ದ ರಾತ್ರಿ ಆ ಪುಸ್ತಕದಲ್ಲಿ ಒಂದು ಸಾಲೂ ಬರೆದದ್ದಿಲ್ಲ.

ಅದು ನಾನು ಹಿಂದೆ ಇದ್ದ ಆಸ್ಪತ್ರೆ. ಎದೆನೋವೆಂದು ಆನೇಕಲ್ ಕಡೆಯಿಂದ ಕರೆತಂದಿದ್ದ ಹಿರಿಯರೊಬ್ಬರ ಹೃದಯ ಬಾಗಿಲಲ್ಲೇ ನಿಂತುಹೋಗಿತ್ತು. ಒಳಗೆ ಇಬ್ಬರು ಸರದಿಯಂತೆ ಎದೆ ಒತ್ತುತ್ತಿದ್ದರು; ಡ್ಯೂಟಿ ಡಾಕ್ಟರು ಮಾನಿಟರ್‌ನಿಂದ ಕಣ್ಣು ತೆಗೆಯುವಂತಿರಲಿಲ್ಲ. ಹೊರಗಿನ ಬೆಂಚಿನಲ್ಲಿದ್ದ ಮಗನಿಗೆ ನಲವತ್ತು ನಿಮಿಷ ಯಾರೂ ಏನೂ ಹೇಳಲಿಲ್ಲ. ಔಷಧಿ ತರಲು ನಾನು ಮೂರು ಸಲ ಬಾಗಿಲು ದಾಟಿದೆ, ಮೂರು ಸಲವೂ ಆತ "ಅಪ್ಪಂಗೆ ಹೇಗಿದೆ ಸಿಸ್ಟರ್?" ಎಂದು ಕೇಳಿದ, ಮೂರು ಸಲವೂ ನಾನು "ಡಾಕ್ಟ್ರು ಬಂದು ಹೇಳ್ತಾರೆ, ಕೂತ್ಕೊಳ್ಳಿ" ಎಂದೆ. ಮೂರನೆಯ ಸಲ ಕೆನ್ನೆಗೆ ಬಿತ್ತು. ಎಡಗಿವಿಯ ಓಲೆ ಕಳಚಿ ಟ್ರಾಲಿಯ ಚಕ್ರದಡಿ ಉರುಳಿತು. ಅದರ ತಿರುಪು ಕೊನೆಗೂ ಸಿಗಲಿಲ್ಲ. ಬೆಳಗ್ಗೆ ಆಡಳಿತದವರು "ದುಃಖದಲ್ಲಿದ್ದಾರೆ, ಹೋಗಲಿ ಬಿಡಿ ಸಿಸ್ಟರ್" ಎಂದರು. ನಾನೂ ಬಿಟ್ಟೆ. ಆ ಏಟನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಆದರೆ ಆ ನಲವತ್ತು ನಿಮಿಷಗಳು ನಮ್ಮವೇ ಎಂಬುದನ್ನು ಅಲ್ಲಗಳೆಯಲಾರೆ.

ಕಾನೂನು ಇಲ್ಲವೆಂದಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಕರ್ನಾಟಕದಲ್ಲಿ 2009ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಅದರಡಿ ಹಲ್ಲೆ ಜಾಮೀನುರಹಿತ ಅಪರಾಧ. ಕಾಯ್ದೆ ಬಂದಾಗ ಗೊತ್ತುಪಡಿಸಿದ ಶಿಕ್ಷೆ 3 ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ, ಒಡೆದ ಉಪಕರಣಕ್ಕೆ ಖರೀದಿ ಬೆಲೆಯ ಎರಡರಷ್ಟು ಪರಿಹಾರ. ಇದನ್ನೆಲ್ಲ ಕೆಂಪಕ್ಷರದಲ್ಲಿ ಬರೆಸಿ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲೇ ತೂಗುಹಾಕುವುದು ನನಗೆ ಯಾಕೋ ಸರಿಕಾಣುವುದಿಲ್ಲ. ಹೆದರಿಕೊಂಡು ಬಂದವರಿಗೆ ಅದು ಎಚ್ಚರಿಕೆಗಿಂತ ಗದರಿಕೆಯಾಗಿಯೇ ಕಾಣುತ್ತದೆ. ಕೈ ಎತ್ತುವವನಂತೂ ಅದನ್ನು ಓದಿ ಎತ್ತುವುದಿಲ್ಲ.

ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಆಗಸ್ಟ್ 9ರಂದು ಕೋಲ್ಕತ್ತದ ಆಸ್ಪತ್ರೆಯಲ್ಲಿ ನಡೆದ ಕಿರಿಯ ವೈದ್ಯೆಯ ಅತ್ಯಾಚಾರ, ಕೊಲೆಯ ನಂತರ, 2024ರ ಆಗಸ್ಟ್ 16ರಂದು ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಸೂಚನೆ. ಕರ್ತವ್ಯದಲ್ಲಿದ್ದವರ ಮೇಲೆ ಹಲ್ಲೆಯಾದರೆ ಸಂಸ್ಥೆಯ ಮುಖ್ಯಸ್ಥರೇ 6 ಗಂಟೆಯೊಳಗೆ ಸಂಸ್ಥೆಯ ಪರವಾಗಿ ಎಫ್‌ಐಆರ್ ದಾಖಲಾಗುವಂತೆ ನೋಡಿಕೊಳ್ಳಬೇಕೆಂದು ಅದು ಕೇಂದ್ರ ಸರ್ಕಾರದ ಆಸ್ಪತ್ರೆಗಳಿಗೆ ಹೇಳಿತು. ಆರು ಗಂಟೆ ಎಂಬುದಕ್ಕಿಂತ "ಮುಖ್ಯಸ್ಥರೇ" ಎಂಬ ಮಾತು ನನಗೆ ದೊಡ್ಡದು. ಏಟು ತಿಂದ ನರ್ಸ್ ನೈಟ್ ಡ್ಯೂಟಿ ಮುಗಿಸಿ, ರಜೆ ಹಾಕಿ, ಒಬ್ಬಳೇ ಠಾಣೆಯ ಮೆಟ್ಟಿಲು ಹತ್ತಬೇಕಾದ ಕಡೆ ದೂರು ದಾಖಲಾಗುವುದೇ ಇಲ್ಲ. ಈಗ ನಾನಿರುವ ಖಾಸಗಿ ಆಸ್ಪತ್ರೆಯೂ ಇದನ್ನೇ ತನ್ನ ಪದ್ಧತಿಯಾಗಿಸಿಕೊಂಡಿದೆ: ಮೊದಲು ಗಾಯಗೊಂಡ ಸಿಬ್ಬಂದಿಗೆ ಚಿಕಿತ್ಸೆ ಮತ್ತು ಎಂಎಲ್‌ಸಿ, ಆಮೇಲೆ 112ಕ್ಕೆ ಕರೆ, ಅದೇ ದಿನ ಸಿಸಿಟಿವಿ ದೃಶ್ಯದ ಪ್ರತಿ. ಪ್ರತಿ ತೆಗೆಯದಿದ್ದರೆ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ, ಠಾಣೆಯವರು ಕೇಳುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ಆದರೆ ಇವೆಲ್ಲ ಏಟು ಬಿದ್ದ ಮೇಲಿನ ಮಾತು. ಅದಕ್ಕೆ ಮುಂಚಿನ ಕೆಲಸ ಆ ಬೆಂಚಿನ ಹತ್ತಿರವೇ ಇದೆ. ರೋಗಿ ಗಂಭೀರ ಸ್ಥಿತಿಯಲ್ಲಿದ್ದರೆ ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ನಮ್ಮಲ್ಲಿ ಒಬ್ಬರು ಹೊರಗೆ ಹೋಗಿ, ಹೊಸತೇನೂ ಇಲ್ಲದಿದ್ದರೂ "ಇನ್ನೂ ಪ್ರಯತ್ನ ನಡೀತಿದೆ, ಪರಿಸ್ಥಿತಿ ಕಷ್ಟ ಇದೆ" ಎಂದಾದರೂ ಹೇಳಿ ಬರುತ್ತೇವೆ. ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ ನಿಂತು ಹೇಳುವುದಿಲ್ಲ. ಎರಡು ಬಾಗಿಲಿರುವ ಕೋಣೆಯಲ್ಲಿ, ಕೂರಿಸಿ, ಡಾಕ್ಟರರ ಜೊತೆ ಇನ್ನೊಬ್ಬರು ಇದ್ದೇ ಹೇಳುತ್ತೇವೆ. ಗುಂಪು ಕೂಗಾಡತೊಡಗಿದರೆ ಒಬ್ಬರೇ ಮಾತನಾಡಬೇಕು. ಬಂದವರಲ್ಲಿ ಹಿರಿಯರು ಯಾರೆಂದು ನೋಡಿ, "ಯಜಮಾನ್ರೇ, ನೀವು ಬನ್ನಿ, ನಿಮಗೆ ಹೇಳ್ತೀನಿ" ಎಂದು ಅವರನ್ನು ಪಕ್ಕಕ್ಕೆ ಕರೆದರೆ ಅರ್ಧ ಗದ್ದಲ ಅಲ್ಲಿಗೇ ಇಳಿಯುತ್ತದೆ. ಕಿರಿಯರಿಗೆ ನಾನು ಹೇಳಿಕೊಡುವುದು ಎರಡೇ: ಗೋಡೆಗೆ ಬೆನ್ನು ಕೊಟ್ಟು ಮೂಲೆಗೆ ಸಿಕ್ಕಿಕೊಳ್ಳಬೇಡಿ, ಸಿಟ್ಟಾದವರ ಮೈ ಮುಟ್ಟಬೇಡಿ.

ಹಣದ ಜಗಳವನ್ನು ಮಾತ್ರ ನಮ್ಮ ಮಾತಿನಿಂದ ಇಳಿಸಲಾಗುವುದಿಲ್ಲ. ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ, ಬಾಕಿಗಾಗಿ ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಕೌಂಟರಿನಲ್ಲಿ ಇದನ್ನು ಮುರಿದವರ ಪಾಲಿನ ಏಟು ವಾರ್ಡಿನಲ್ಲಿರುವವರಿಗೆ ಬೀಳುತ್ತದೆ.

ಕೈಕಾಲು ಬಡಿಯುವವರೆಲ್ಲ ಸಿಟ್ಟಾದವರೂ ಅಲ್ಲ. ಒಮ್ಮೆ ಕುಡಿದು ಗಲಾಟೆ ಮಾಡುತ್ತಿದ್ದಾನೆಂದು ನಾಲ್ವರು ಹಿಡಿದು ತಂದ ಆಟೋ ಚಾಲಕರೊಬ್ಬರು ಐವಿ ಸ್ಟ್ಯಾಂಡ್ ಬೀಸಿದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 38, ತೀರಾ ಕಡಿಮೆ. ಗ್ಲೂಕೋಸ್ ಹೋದ ಸ್ವಲ್ಪ ಹೊತ್ತಿಗೆ ಅವರು ಕೇಳಿದ್ದು ತಮ್ಮ ಗಾಡಿ ಎಲ್ಲಿದೆ ಎಂದು. ತಲೆಗೆ ಬಿದ್ದ ಪೆಟ್ಟು, ಕುಡಿತ ಏಕಾಏಕಿ ನಿಂತದ್ದು, ಮುದುಕರ ಜ್ವರದ ಸನ್ನಿ, ಇವೂ ಹೀಗೆಯೇ ಕಾಣುತ್ತವೆ. ಸೆಕ್ಯುರಿಟಿಯವರನ್ನು ಕರೆಯುವಾಗಲೇ ಗ್ಲೂಕೋಮೀಟರನ್ನೂ ತರಿಸಬೇಕು.

ಆರೋಗ್ಯ ಸಿಬ್ಬಂದಿಯಲ್ಲಿ ಶೇ 8ರಿಂದ 38ರಷ್ಟು ಮಂದಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಬೈಗುಳ, ಬೆದರಿಕೆ ಅದಕ್ಕಿಂತಲೂ ಹೆಚ್ಚು. ಆ ಹೆಚ್ಚಿನದು ಎಲ್ಲಿಯೂ ದಾಖಲಾಗದ್ದರಿಂದ ಎರಡು ವರ್ಷದ ಹಿಂದೆ ನಾವೊಂದು ಉದ್ದನೆಯ ರಿಜಿಸ್ಟರ್ ಇಟ್ಟೆವು. ಬರೆದದ್ದನ್ನು ಲೆಕ್ಕ ಹಾಕಿದಾಗ ರಾತ್ರಿ ಹತ್ತರಿಂದ ಎರಡರ ನಡುವಿನ ನಮೂದುಗಳೇ ಹೆಚ್ಚೆಂದು ಕಂಡಿತು. ಅದನ್ನು ತೋರಿಸಿದ ಮೇಲೆ ಆ ಹೊತ್ತಿಗೆ ಇನ್ನೊಬ್ಬ ಸೆಕ್ಯುರಿಟಿ ಸಿಕ್ಕರು. ಕಳೆದ ಗುರುವಾರದ ನಮೂದು ನನ್ನದೇ ಅಕ್ಷರದಲ್ಲಿದೆ: "ರಾತ್ರಿ 1.40. ಬೆಡ್ 4ರ ಕಡೆಯವರು ಆಯಾಗೆ ಕೆಟ್ಟ ಮಾತಿನಲ್ಲಿ ಬೈದರು. ಹೊರಗೆ ಹೋಗಿ ಮಾತನಾಡಿದೆ. ಪೆಟ್ಟಿಲ್ಲ."